ಡ್ಯಾಶ್‌ಬೋರ್ಡಿನ ಮೇಲಿನ ನೀರಿನ ಲೋಟ

ನವೆಂಬರ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಆರೂವರೆ. ಸ್ಥಳ, ಬಸವಕಲ್ಯಾಣದ ನಮ್ಮ ಮನೆಯ ಅಂಗಳ. ಹಾಜರಿದ್ದವರು: ನಾನು, ನನ್ನ ತಮ್ಮ ಮಿಲಿಂದ, ಹುಮನಾಬಾದಿನಿಂದ ಮೊದಲ ಬಸ್ಸು ಹಿಡಿದು ಬಂದ ಮಹೆಬೂಬ ಮಿಸ್ತ್ರಿ, ಮತ್ತು ಒಂದು ಕೆಂಪು ಕಾರು.

ಹೀಗೆ ಶುರು ಮಾಡುವುದು ನನ್ನ ಹಳೆಯ ಚಟ. ಆಪರೇಷನ್ ಥಿಯೇಟರಿನ ಸಿಸ್ಟರ್ ಆಗಿ ಹುಮನಾಬಾದಿನಲ್ಲಿ ಆಯುಷ್ಯ ಸವೆಸಿದವಳು ನಾನು. ಪಾಳಿ ಬದಲಾಗುವಾಗ ದಿನ, ಹೊತ್ತು, ಯಾರು ಯಾರು ಇದ್ದರು ಎಂಬುದನ್ನು ಮೊದಲು ಬರೆಯಬೇಕು, ಉಳಿದದ್ದು ಆಮೇಲೆ. ನಿವೃತ್ತಿಯಾದ ಮೇಲೆ ವರದಿ ಕೇಳುವವರು ಯಾರೂ ಇಲ್ಲ, ಆದರೂ ಸಂತೆಯಿಂದ ಪುಂಡಿಪಲ್ಲೆ ತಂದರೂ ಮನಸ್ಸಿನಲ್ಲಿ ಒಂದು ವರದಿ ಬರೆದುಕೊಳ್ಳುತ್ತೇನೆ. “ಅಕ್ಕಾ, ಯಮ ಬಂದ್ರೂ ನೀ ಮೊದಲ ಟೈಮ್ ಕೇಳಾಕಿ ನೋಡು” ಎಂದು ಮಿಲಿಂದ ನಗುತ್ತಾನೆ. ಕೇಳಿದರೆ ತಪ್ಪೇನು? ಅವನೂ ಡ್ಯೂಟಿಯ ಮೇಲೆ ಬಂದವನಲ್ಲವೆ.

ಈ ಬೆಳಗಿನ ಕೆಲಸ ಒಂದೇ. ನಾವು ಮೂವರು ಇದೇ ಅಂಗಳದಲ್ಲಿ ಬಿಚ್ಚಿ ಮತ್ತೆ ಕಟ್ಟಿದ ಇಂಜಿನ್ನನ್ನು ಮೊದಲ ಸಲ ಅದರ ಪೂರ್ತಿ ಶಕ್ತಿಗೆ ಏರಿಸಬೇಕು. ಏರಿಸಬೇಕಾದವನು ಮಿಲಿಂದ. ಹೈದರಾಬಾದಿನಿಂದ ವಾಪಸು ಬಂದ ಮೇಲೆ ಅವನು ಒಂದು ದಿನವೂ ಸ್ಟಿಯರಿಂಗ್ ಹಿಡಿದಿರಲಿಲ್ಲ. ಇವತ್ತು ಹಿಡಿಯುತ್ತಾನೋ ಇಲ್ಲವೋ ನಮಗೆ ಗೊತ್ತಿರಲಿಲ್ಲ.

ದಾರಿಯಲ್ಲಿ ಬೇಕಾದೀತೆಂದು ಟ್ರಂಕಿನಿಂದ ಹಸಿರು ಬಟ್ಟೆಯೊಂದನ್ನು ತೆಗೆದೆ. ಕೊಡವಿದೆನೋ ಇಲ್ಲವೋ, ಸುಟ್ಟ ಎಣ್ಣೆ, ಸೀಮೆಎಣ್ಣೆ ಮತ್ತು ವ್ಯಾಸಲೀನ್ ಕೂಡಿದ ಒಂದು ವಾಸನೆ ಮುಖಕ್ಕೆ ಬಡಿಯಿತು. ಎಷ್ಟು ಸಲ ಸೋಡಾ ಹಾಕಿ ಕುದಿಸಿದರೂ ಆ ಬಟ್ಟೆಯಿಂದ ವಾಸನೆ ಹೋಗಿಲ್ಲ. ನಡುವೆ ಮೂರು ಮೂಲೆಯ ಒಂದು ಕರಿ ಕಲೆಯೂ ಹೋಗಿಲ್ಲ. ಥಿಯೇಟರಿನಲ್ಲಾಗಿದ್ದರೆ ಇಂಥ ಬಟ್ಟೆಯನ್ನು ಮೇಟ್ರನ್ ಕಣ್ಣಿಗೆ ಬೀಳದಂತೆ ಸುಟ್ಟುಹಾಕುತ್ತಿದ್ದೆ. ಇದನ್ನು ಮಡಚಿ ಮಡಚಿ ಇಟ್ಟುಕೊಂಡಿದ್ದೇನೆ.

ಕಾರಿನ ಮಾತಿಗೆ ಮೊದಲು ನೀರಿನ ಮಾತು ಹೇಳಬೇಕು.

ನಮ್ಮದು ನಿರ್ಣಾದ ಕಡೆಯ ಒಂದು ಹಳ್ಳಿ. ಅಪ್ಪ, ಅವ್ವ ಇಬ್ಬರೂ ಮಂದಿಯ ಹೊಲದಲ್ಲಿ ಕೂಲಿ. ಊರ ನಡುವಿನ ಬಾವಿ ನಮ್ಮ ಓಣಿಗೆ ಹತ್ತಿರವಿತ್ತು, ನಾವು ನೀರು ತರುವ ಬಾವಿ ದೂರವಿತ್ತು. ಯಾಕೆಂದು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನೀರು ತರುವುದು ಮನೆಯ ಹೆಣ್ಣುಮಕ್ಕಳ ಕೆಲಸ. ಆದರೆ ನಾನು ಸಾಲಿಯಲ್ಲಿ ಚುರುಕು ಎಂದು ಮಾಸ್ತರರು ಹೇಳಿದ್ದರಿಂದ ಅವ್ವ ಆ ಕೊಡವನ್ನು ನನ್ನ ತಲೆಯಿಂದ ಇಳಿಸಿ ತಮ್ಮನ ತಲೆಗೆ ಏರಿಸಿದಳು. “ಅಕ್ಕಗ ಸಾಲಿ ಅದ, ನೀ ತಾ” ಎಂದಳು. ಮಿಲಿಂದ ತಂದ. ಕಲ್ಲುದಾರಿ, ಬರಿಗಾಲು, ಕೊಡ ಅವನಿಗಿಂತ ದೊಡ್ಡದು. ಆದರೂ ಒಂದು ಹನಿ ಚೆಲ್ಲುತ್ತಿರಲಿಲ್ಲ. ಅಷ್ಟು ದೂರದಿಂದ ಬಂದ ನೀರನ್ನು ಚೆಲ್ಲುವುದಾದರೂ ಹೇಗೆ? “ನನ್ನ ಮಗನ ಕೊಡ ಅಲುಗಂಗಿಲ್ಲ” ಎಂದು ಅವ್ವ ಹೊಲದಲ್ಲಿ ಕಳೆ ಕೀಳುವ ಹೆಂಗಸರ ಮುಂದೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಅವ್ವ ಮೆಚ್ಚಿ ಆಡಿದ ಮಾತು ಕಡಿಮೆ. ಇದ್ದ ಒಂದನ್ನು ಅವನು ಜೀವಮಾನವಿಡೀ ಕಾಪಾಡಿಕೊಂಡ.

ನಾನು ನರ್ಸಿಂಗ್ ಓದಲು ಹೋದೆ. ಅವನು ಹೈದರಾಬಾದಿಗೆ ಹೋಗಿ ಡ್ರೈವಿಂಗ್ ಕಲಿತ. ಕಲಿತ ರೀತಿಯೂ ಅವನದೇ. ಡ್ಯಾಶ್‌ಬೋರ್ಡಿನ ಮೇಲೆ ಸ್ಟೀಲಿನ ಲೋಟ ಇಟ್ಟು, ಕಂಠಮಟ ನೀರು ತುಂಬಿ, ಅದು ತುಳುಕದಂತೆ ಗಾಡಿ ಬಿಡುವುದು. ಗೇರು ಬದಲಾಯಿಸಿದರೂ, ಬ್ರೇಕು ಹಾಕಿದರೂ ಲೋಟದ ನೀರು ಅಲುಗಬಾರದು. ಈ ಲೋಟ ನೋಡಿಯೇ ಒಬ್ಬ ದೊಡ್ಡ ಸಾಹೇಬರು ಅವನನ್ನು ಕೆಲಸಕ್ಕೆ ಇಟ್ಟುಕೊಂಡರು. ಮೂವತ್ತು ವರ್ಷ ಇಟ್ಟುಕೊಂಡರು. ಕಾರು ಓಡುತ್ತಿರುವಾಗ ಹಿಂದೆ ಕೂತು ಬಸಿಯಲ್ಲಿ ಚಾ ಹುಯ್ದುಕೊಂಡು ಕುಡಿದು ತೋರಿಸುವುದು ಬೀಗರ ಮುಂದೆ ಅವರ ಒಂದು ಶೋಕಿಯಾಗಿತ್ತಂತೆ.

ಅವರ ಮನೆಯ ಗಾಡಿಗಳಲ್ಲಿ ಒಂದು ಈ ಕೆಂಪು ಕಾರು. ವಯಸ್ಸಿದ್ದಾಗ ಹಡಗಿನಲ್ಲಿ ತರಿಸಿದ್ದು, ನೆಲಕ್ಕೆ ಅಂಟಿದಂತೆ ಗಿಡ್ಡ, ಎರಡೇ ಬಾಗಿಲು. ಇದರಲ್ಲಿ ಇರುವುದು ರೋಟರಿ ಇಂಜಿನ್. ಉಳಿದ ಗಾಡಿಗಳಲ್ಲಿ ಪಿಸ್ಟನ್ ಮೇಲೆ ಕೆಳಗೆ ಕುಟ್ಟುತ್ತದೆ, ಇದರಲ್ಲಿ ಕುಟ್ಟುವುದು ಏನೂ ಇಲ್ಲ, ಎಲ್ಲ ತಿರುಗುವುದೇ. ಸಾಹೇಬರು ಅದನ್ನು ಹಬ್ಬಕ್ಕೊಮ್ಮೆ ಈದಿಗೊಮ್ಮೆ ಹೊರಗೆ ತೆಗೆಸುತ್ತಿದ್ದರು. ಉಳಿದ ದಿನ ಮಿಲಿಂದ ಬೆಳಿಗ್ಗೆ ಚಾಲೂ ಮಾಡಿ, ಶೆಡ್ಡಿನಿಂದ ಅಂಗಳಕ್ಕೆ ತಂದು, ಒರೆಸಿ, ಮತ್ತೆ ಶೆಡ್ಡಿಗೆ ಬಿಡುತ್ತಿದ್ದ. ರಸ್ತೆಗೆ ತೆಗೆದರೂ ಲೋಟದ ಲೆಕ್ಕದಲ್ಲೇ ಓಡಿಸುತ್ತಿದ್ದ.

ಒಂದು ದಿನ ಕಾರು ಚಾಲೂ ಆಗಲಿಲ್ಲ. ಆಮೇಲೆ ಯಾವತ್ತೂ ಆಗಲಿಲ್ಲ. ಅದೇ ಹೊತ್ತಿಗೆ ಸಾಹೇಬರೂ ತೀರಿಕೊಂಡರು. ಮನೆ ಹಂಚಿಕೆಯಾಗುವಾಗ ಕೆಟ್ಟ ಕಾರು ಯಾರಿಗೂ ಬೇಡವಾಯಿತು. ಸಾಹೇಬರ ಅಳಿಯ ಅದರ ಬೀಗದಕೈಯನ್ನು ಮಿಲಿಂದನ ಕಡೆಗೆ ಎಸೆದು, “ತೂಚ್ ಮಾರಾ, ತೂಚ್ ಲೇಕೆ ಜಾ” ಎಂದನಂತೆ. ಕೊಂದವನು ನೀನೇ, ಒಯ್ಯುವವನೂ ನೀನೇ.

ನನ್ನ ತಮ್ಮ ತಂದ. ಕಾಗದಪತ್ರ ತನ್ನ ಹೆಸರಿಗೆ ಮಾಡಿಸಿಕೊಂಡು, ಲಾರಿಯ ಮೇಲೆ ಹಗ್ಗ ಬಿಗಿದು, ಹೈದರಾಬಾದಿನಿಂದ ಬಸವಕಲ್ಯಾಣದ ತನಕ ಲಾರಿಯ ಹಿಂಭಾಗದಲ್ಲಿ ಅದರ ಪಕ್ಕ ನಿಂತುಕೊಂಡೇ ಬಂದ. ಅವನ ಹೆಂಡತಿ ತೀರಿ ಬಹಳ ವರ್ಷವಾಗಿತ್ತು, ನಾನು ಮದುವೆಯಾಗಲಿಲ್ಲ, ಹೀಗಾಗಿ ನನ್ನ ಮನೆಯೇ ಅವನ ಮನೆ. ಓಣಿಯ ಮಂದಿ ಸುತ್ತ ಕೂಡಿದರು. “ಸಿಸ್ಟರ್ ಬಾಯಿ, ಮೂವತ್ತು ವರ್ಷ ದುಡದು ನಿಮ್ಮ ತಮ್ಮ ಹೆಣ ತಂದಾನಲ್ಲರೀ” ಎಂದ ಎದುರುಮನೆಯವನು. ಮಿಲಿಂದ ಕಾರಿಗೆ ತಾಡಪತ್ರಿ ಹೊದಿಸಿದ. ಟ್ಯಾಕ್ಸಿ ಓಡಿಸಲು, ಸಾಲಿ ವ್ಯಾನು ಓಡಿಸಲು ಕರೆ ಬಂದವು. ಎಲ್ಲರಿಗೂ ಒಂದೇ ಮಾತು ಹೇಳಿದ: “ಬ್ಯಾಡರಿ, ನನ್ನ ಕೈ ಛಲೋ ಇಲ್ಲ.”

ಹೀಗೆ ಹೇಳುವವನನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ರೋಗ ಏನೆಂದು ಗೊತ್ತಿಲ್ಲದ ರೋಗಿ ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗುತ್ತಾನೆ. ಅಂಥವನಿಗೆ ಧೈರ್ಯ ಹೇಳಿ ಉಪಯೋಗವಿಲ್ಲ, ಕೊಯ್ದು ನೋಡಬೇಕು. ನಾನು ಮಹೆಬೂಬ ಮಿಸ್ತ್ರಿಗೆ ಫೋನು ಮಾಡಿದೆ.

ಮಹೆಬೂಬ ಮಿಸ್ತ್ರಿ ಹುಮನಾಬಾದಿನಲ್ಲಿ ಗ್ಯಾರೇಜು ನಡೆಸಿ, ಈಗ ಅದನ್ನು ಮಕ್ಕಳಿಗೆ ಬಿಟ್ಟು ಮನೆಯಲ್ಲಿ ಕೂತವರು. ಎಂದೋ ಅವರ ಹರ್ನಿಯಾ ಆಪರೇಷನ್ ಆದಾಗ ನಾನು ಟೇಬಲ್ ಪಕ್ಕ ಇದ್ದೆ. ಆ ಋಣವನ್ನು ಅವರು ಎಲ್ಲೆಲ್ಲೂ ಸಾರುತ್ತಿದ್ದರು, ಅದೂ ಬೇಡವಾದಷ್ಟು ವಿವರವಾಗಿ. ದನಿ ದೊಡ್ಡದು, ಗಡ್ಡ ಬಿಳಿದು, ಕಣ್ಣಿಗೆ ದಪ್ಪ ಕನ್ನಡಕ. ಬಂದವರು ಬಾನೆಟ್ಟು ಎತ್ತಿ, ಒಳಗೆ ಬಗ್ಗಿ, ತಲೆ ಎತ್ತಿದರು.

“ಬಾಯೀ, ಇದರಾಗ ಪಿಸ್ಟನ್ನೇ ಇಲ್ಲ!”

“ಇಲ್ಲ. ಅದು ರೋಟರಿ.”

“ಪಿಸ್ಟನ್ ಇಲ್ಲದ ಇಂಜಿನ್ ಅಂದ್ರ ಮದುಮಗನೇ ಇಲ್ಲದ ನಿಕಾ ಆಯ್ತಲ್ಲ! ನನಗ ಬರಂಗಿಲ್ಲ ಇದು.”

“ನನಗೂ ಬರಂಗಿಲ್ಲ. ಕುಂದರ್ರಿ, ಕಲಿಯೋಣು” ಎಂದೆ.

ಕಲಿಸಿದ್ದು ಫೋನಿನ ವಿಡಿಯೋಗಳು. ಅವುಗಳಲ್ಲಿ ಯಾವನೋ ಪರದೇಶದ ಹುಡುಗ ಇಂಗ್ಲಿಷಿನಲ್ಲಿ ಗಡಗಡ ಹೇಳುತ್ತಾನೆ. ನಾನು ನಿಲ್ಲಿಸಿ ನಿಲ್ಲಿಸಿ ಕನ್ನಡಕ್ಕೆ ತಿರುಗಿಸುತ್ತೇನೆ, ಮಿಸ್ತ್ರಿ ಅದನ್ನು ದಖನಿ ಉರ್ದುವಿನಲ್ಲಿ ತಮಗೆ ತಾವೇ ಒದರಿಕೊಳ್ಳುತ್ತಾರೆ, ಮಿಲಿಂದ ಪಾನಾ ಎತ್ತಿಕೊಡುತ್ತಾನೆ. ಅಡಿಗೆಮನೆಗೆ ರೊಟ್ಟಿಯ ಹಿಟ್ಟು ತರಲು ಹೋದವಳು ಇಂಜಿನ್ನಿನ ಸೀಲುಗಳ ಬಗ್ಗೆ ಯೋಚಿಸುತ್ತ ಬರಿಗೈಯಲ್ಲಿ ಬಂದಿದ್ದೂ ಉಂಟು.

ನನ್ನ ಷರತ್ತು ಒಂದೇ: ಕೆಲಸ ನಡೆಯುವುದು ಥಿಯೇಟರಿನ ರೀತಿಯಲ್ಲಿ. ಹಸಿರು ಬಟ್ಟೆ ಹಾಸಬೇಕು. ಬಿಚ್ಚಿದ ಪ್ರತಿ ಸಾಮಾನಿಗೂ ಅದರ ಮೇಲೆ ಒಂದು ಜಾಗ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ತೆಗೆದದ್ದೆಲ್ಲ ಎಣಿಸಿ ಹೇಳಬೇಕು, ಮುಚ್ಚುವ ಮುಂಚೆ ಮತ್ತೆ ಎಣಿಸಬೇಕು. ಲೆಕ್ಕ ಕೂಡದಿದ್ದರೆ ಹೊಟ್ಟೆ ಹೊಲಿಯುವಂತಿಲ್ಲ. “ಗ್ಯಾರೇಜಿನ್ಯಾಗ ನಾವು ಉಳಿದಿದ್ದು ಡಬ್ಬ್ಯಾಗ ಹಾಕಿ ಬಿಸಾಕ್ತಿದ್ದಿವ್ರಿ, ಗಾಡಿ ಆದರೂ ಓಡ್ತಿತ್ತು” ಎಂದರು ಮಿಸ್ತ್ರಿ. “ನಿಮ್ಮ ಹರ್ನಿಯಾ ನಾವು ಹಂಗ ಮಾಡಿದ್ರ?” ಎಂದೆ. ಆಮೇಲೆ ಅವರು ಒಂದು ವಾಷರನ್ನೂ ಕೇಳದೆ ಮುಟ್ಟಲಿಲ್ಲ.

ಬೇವಿನ ಮರದ ಪಕ್ಕ ಮೂರು ಕಾಲಿನ ತೊಲೆ ನಿಲ್ಲಿಸಿ, ಚೈನ್ ಪುಲ್ಲಿಯಿಂದ ಇಂಜಿನ್ನು ಎತ್ತಿ ಇಳಿಸಿದೆವು. ಟಿಫಿನ್ ಕ್ಯಾರಿಯರ್ ನೋಡಿದ್ದೀರಲ್ಲ, ಒಂದರ ಮೇಲೊಂದು ಡಬ್ಬಿ ಇಟ್ಟು ಪಕ್ಕದಿಂದ ಬಿಗಿದದ್ದು? ರೋಟರಿ ಇಂಜಿನ್ನು ಹಾಗೆಯೇ. ಡಬ್ಬಿಗಳನ್ನು ಜೋಡಿಸಿ ಉದ್ದುದ್ದ ಬೋಲ್ಟುಗಳಿಂದ ಪೋಣಿಸಿರುತ್ತಾರೆ. ಆದರೆ ಅವನ್ನು ಬಿಚ್ಚುವ ಮೊದಲು ಇಂಜಿನ್ನಿನ ಹಿಂಬದಿಗೆ ಕೂಡಿಸಿದ ಫ್ಲೈವೀಲ್ ಎಂಬ ದೊಡ್ಡ ಚಕ್ರದ ನಟ್ಟು ತೆಗೆಯಬೇಕು. ಅದು ಜಗ್ಗಲಿಲ್ಲ. ಕಮ್ಮಾರನ ಹತ್ತಿರ ಹೋಗಿ ದೊಡ್ಡ ಪಾನಾ ಮಾಡಿಸಿ ತಂದೆವು, ಜಗ್ಗಲಿಲ್ಲ. ಕಡೆಗೆ ಮಿಸ್ತ್ರಿ ಬೋರ್‌ವೆಲ್ಲಿನವರಿಂದ ಒಂದು ಉದ್ದನೆಯ ಪೈಪು ತಂದು ಪಾನಾದ ಹಿಡಿಕೆಗೆ ತೊಡಿಸಿದರು. ನಾವು ಮೂವರೂ, ಒಟ್ಟು ಸೇರಿಸಿದರೆ ಎರಡು ಶತಮಾನ ಆಗುವವರು, ಆ ಪೈಪಿನ ತುದಿಗೆ ಜೋತುಬಿದ್ದೆವು. ನಟ್ಟು ‘ಟಣ್’ ಎಂದು ಬಿಟ್ಟಿತು. ಮೂವರೂ ನೆಲಕ್ಕೆ ಬಿದ್ದೆವು. ಮಿಲಿಂದ ಊರಿಗೆ ಬಂದ ಮೇಲೆ ನಕ್ಕಿದ್ದು ಅದೇ ಮೊದಲು.

ಡಬ್ಬಿಗಳನ್ನು ಒಂದೊಂದಾಗಿ ಎತ್ತಿದೆವು. ಒಳಗೆ ಎರಡು ಕಾಳಿನ ಶೇಂಗಾದ ಸಿಪ್ಪೆಯ ಆಕಾರದ ಪೊಳ್ಳು. ಅದರೊಳಗೆ ಸಮೋಸಾದಂತೆ ಉಬ್ಬಿದ ಮೂರು ಮೂಲೆಯ ಉಕ್ಕಿನ ಗಟ್ಟಿ, ಅದೇ ರೋಟರ್. ಮೂರು ಮೂಲೆಗೂ ಒಂದೊಂದು ತೋಡು ಕೊರೆದು, ಅದರಲ್ಲಿ ತೆಳ್ಳನೆಯ ಲೋಹದ ಪಟ್ಟಿ ಕೂಡಿಸಿರುತ್ತಾರೆ. ಪಟ್ಟಿಯ ಕೆಳಗೆ ಸ್ಪ್ರಿಂಗು. ಸ್ಪ್ರಿಂಗು ಪಟ್ಟಿಯನ್ನು ಹೊರಕ್ಕೆ ಒತ್ತುತ್ತದೆ, ಪಟ್ಟಿ ಗೋಡೆಯನ್ನು ಸವರುತ್ತ ತಿರುಗುತ್ತದೆ, ಒಳಗಿನ ಗಾಳಿ ಸೋರದೆ ಅಮುಕಿಕೊಳ್ಳುತ್ತದೆ. ಇಂಜಿನ್ನಿನ ಜೀವ ಇರುವುದು ಆ ಪಟ್ಟಿ ಆಡುವುದರಲ್ಲಿ. ವಿಡಿಯೋದ ಹುಡುಗ ಬೆರಳಿನಿಂದ ಒತ್ತಿದರೆ ಪಟ್ಟಿ ಒಳಕ್ಕೆ ಹೋಗಿ ಪುಟಿದು ಹೊರಕ್ಕೆ ಬರುತ್ತಿತ್ತು.

ನಮ್ಮದು ಬರಲಿಲ್ಲ. ಒಂದೂ ಬರಲಿಲ್ಲ. ಮಸಿ ಕಟ್ಟಿ, ಗಟ್ಟಿಯಾಗಿ, ಪಟ್ಟಿಗಳೆಲ್ಲ ತಮ್ಮ ತೋಡಿನಲ್ಲಿ ಕಲ್ಲಿನಂತೆ ಕೂತಿದ್ದವು.

ಮಿಸ್ತ್ರಿ ಚಾಕುವಿನ ತುದಿಯಿಂದ ಆ ಮಸಿ ಕೆರೆದು ಬೆರಳಲ್ಲಿ ತಿಕ್ಕಿ ನೋಡಿದರು. ಬೇರೆ ಕಡೆ ಎಲ್ಲೂ ಗಾಯವಿಲ್ಲ. ಗೋಡೆ ಕನ್ನಡಿಯಂತೆ ಇತ್ತು. ನೀರು ಕುದ್ದ ಗುರುತಿಲ್ಲ, ಎಣ್ಣೆ ಒಣಗಿದ ಗುರುತಿಲ್ಲ.

“ಮಿಲಿಂದಭಾಯ್, ಇದಕ್ಕ ಯಾವತ್ತರ ಜೋರ್ ಕೊಟ್ಟಿದ್ದೇನು?”

“ಇಲ್ಲರಿ!” ಮಿಲಿಂದ ಎದೆ ಸೆಟೆಸಿದ. “ಮೂವತ್ತು ವರ್ಷದಾಗ ಒಂದ್ ದಿವಸ ಇಲ್ಲ. ಬೇಕಾದ್ರ ಹೈದರಾಬಾದಿಗಿ ಹೋಗಿ ಕೇಳ್ರಿ. ಕೂಸಿನಂಗ ಇಟ್ಟಿದ್ದೆ.”

ಮಿಸ್ತ್ರಿ ನನ್ನ ಮುಖ ನೋಡಿದರು. ನಾನು ಫೋನಿನ ಮುಖ ನೋಡಿದೆ. ಆ ಹುಡುಗ ಬೆಳಿಗ್ಗೆಯೇ ಅದನ್ನು ಹೇಳಿದ್ದ, ನಾನು ಕನ್ನಡಕ್ಕೆ ತಿರುಗಿಸಿರಲಿಲ್ಲ. ರೋಟರಿ ಇಂಜಿನ್ನಿಗೆ ಆಗಾಗ ಪೂರ್ತಿ ಜೋರು ಕೊಡಬೇಕು. ಜೋರಾಗಿ ತಿರುಗಿದಾಗ ಮಸಿ ಸುಟ್ಟು ಹೊರಗೆ ಹೋಗುತ್ತದೆ. ಬರೀ ಮೆಲ್ಲಗೆ ಓಡಿಸಿದರೆ, ಚಾಲೂ ಮಾಡಿ ಬಿಸಿಯಾಗುವ ಮೊದಲೇ ಬಂದ್ ಮಾಡಿದರೆ, ಮಸಿ ಒಳಗೇ ಕಟ್ಟುತ್ತದೆ, ಪಟ್ಟಿಗಳು ಹಿಡಿದುಕೊಳ್ಳುತ್ತವೆ. ಈಗ ಹೇಳಲೇಬೇಕಾಯಿತು. ಆಪರೇಷನ್ ಆದ ರೋಗಿಯ ಮನೆಯವರಿಗೆ ಹೇಳುವಂತೆ, ಒಂದು ಮಾತೂ ಹೆಚ್ಚಿಲ್ಲದೆ, ಒಂದು ಮಾತೂ ಕಡಿಮೆಯಿಲ್ಲದೆ ಹೇಳಿದೆ.

ಮಿಲಿಂದ ಕೇಳಿಸಿಕೊಂಡ. ಕೈ ಒರೆಸಿಕೊಂಡ.

“ಹಂಗಾದ್ರ ಅವರು ಅಂದಿದ್ದು ಖರೆ ಅದ. ನಾನೇ ಕೊಂದೀನಿ” ಎಂದ. ಒಳಗೆ ಹೋದ.

ಮರುದಿನ ಅವನು ಅಂಗಳಕ್ಕೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ನಾನು ರೊಟ್ಟಿ ಬಡಿಯುತ್ತ ವಾರ್ಡಿನ ದಿನಗಳನ್ನು ನೆನೆಯುತ್ತಿದ್ದೆ. ಆಪರೇಷನ್ ಆದವರನ್ನು ಬೇಗ ಎಬ್ಬಿಸಿ ನಡೆಸಬೇಕು ಎಂಬುದು ನಮ್ಮ ಕಟ್ಟಳೆ. “ಏಳ್ರಿ, ನಡೀರಿ” ಎಂದು ನಾನು ಬರುವ ಸಪ್ಪಳ ಕೇಳಿದರೇ ರೋಗಿಗಳು ಕಣ್ಣು ಮುಚ್ಚಿ ನಿದ್ದೆಯ ನಾಟಕ ಮಾಡುತ್ತಿದ್ದರು. ಅವರನ್ನು ನಡೆಯಗೊಡದೆ ಇಡುತ್ತಿದ್ದವರು ವೈರಿಗಳಲ್ಲ, ತಾಯಂದಿರು, ಹೆಂಡಂದಿರು. “ಮಲಕೊಂಡಿರಲಿ ಬಿಡ್ರಿ ಸಿಸ್ಟರ್, ತ್ರಾಸ ಆಗ್ತದ” ಎಂದು ಮಂಚಕ್ಕೆ ಅಡ್ಡ ನಿಲ್ಲುತ್ತಿದ್ದರು. ಕೀಲು ಹಿಡಿಯುತ್ತಿದ್ದದ್ದು ಅವರ ಪ್ರೀತಿಯಿಂದಲೇ. ಅಂಥ ತಾಯಿಗೆ ನೀನು ಕೊಂದೆ ಎಂದು ಯಾವ ಡಾಕ್ಟರೂ ಹೇಳಿದ್ದನ್ನು ನಾನು ಕೇಳಿಲ್ಲ. ಮತ್ತೊಬ್ಬರ ಬಾವಿ, ಮತ್ತೊಬ್ಬರ ರಸ್ತೆ, ಮತ್ತೊಬ್ಬರ ಕಾರು. ಇವುಗಳ ನಡುವೆ ಬೆಳೆದ ಮನುಷ್ಯ ಜೋರಾಗಿ ಒತ್ತುವುದನ್ನು ಎಲ್ಲಿ ಕಲಿಯಬೇಕಿತ್ತು? ಇದನ್ನೆಲ್ಲ ಅವನಿಗೆ ಹೇಳಲು ನನಗೆ ಬರಲಿಲ್ಲ. ನನಗೆ ಬರುವುದು ಆರ್ಡರ್ ಕೊಡುವುದು. ರೊಟ್ಟಿಯ ತಾಟು ಮುಂದಿಟ್ಟು, “ಇನ್ನೊಂದ್ ತಿನ್ನು” ಎಂದೆ.

ಅಷ್ಟರಲ್ಲಿ ಹೊಸ ಪಟ್ಟಿ, ಸ್ಪ್ರಿಂಗು, ರಬ್ಬರ್ ಉಂಗುರಗಳು ಬಂದವು. ನನ್ನ ಕೈಕೆಳಗೆ ಕಲಿತ ಚಿಟಗುಪ್ಪದ ಹುಡುಗಿಯೊಬ್ಬಳು ಶಾರ್ಜಾದಲ್ಲಿ ನರ್ಸ್ ಆಗಿದ್ದಾಳೆ. ರಜೆಗೆ ಬರುವಾಗ ಖರ್ಜೂರದ ಡಬ್ಬಿಯೊಳಗೆ ಅವನ್ನು ಹತ್ತಿಯಲ್ಲಿ ಸುತ್ತಿ ತಂದುಕೊಟ್ಟಳು. ಎಂದೋ ಆಪರೇಷನ್ನಿನ ಗಾಜ್ ಬಟ್ಟೆ ಎಣಿಸಲು ತಪ್ಪಿದ್ದಕ್ಕೆ ನಾನು ಬೈದು ಅಳಿಸಿದ ಹುಡುಗಿ. “ಎಣಿಸಿಕೊಳ್ರಿ ಮೇಡಂ” ಎಂದು ನಗುತ್ತ ಕೊಟ್ಟಳು. ಎಣಿಸಿಕೊಂಡೆ. ಸರಿಯಾಗಿತ್ತು.

ಕಟ್ಟುವ ದಿನ ನಾನು, ಮಿಸ್ತ್ರಿ ಇಬ್ಬರೇ. ಸ್ಪ್ರಿಂಗುಗಳು ಜಾರದಂತೆ ವ್ಯಾಸಲೀನ್ ಹಚ್ಚಿ ಕೂಡಿಸುತ್ತ ಬಂದೆವು. ಕೊನೆಯ ಡಬ್ಬಿ ಮುಚ್ಚುವ ಮೊದಲು ಎಣಿಸಿದೆ. ಮೂಲೆಯದೊಂದು ಸಣ್ಣ ಸ್ಪ್ರಿಂಗು ಇಲ್ಲ. ಅಕ್ಕಿಕಾಳಿಗಿಂತ ತುಸು ದೊಡ್ಡದು, ಅಷ್ಟೆ. ಬಟ್ಟೆ ಕೊಡವಿದೆವು, ನೆಲ ಗುಡಿಸಿದೆವು.

“ಬಾಯೀ, ಒಂದ್ ಸ್ಪ್ರಿಂಗ್ ಇಲ್ಲಂದ್ರ ಏನೂ ಆಗಂಗಿಲ್ಲ. ಮುಚ್ಚಿಬಿಡಮು.”

“ಲೆಕ್ಕ ಕೂಡಿಲ್ಲ. ಮುಚ್ಚಂಗಿಲ್ಲ.”

“ಹೊತ್ತು ಮುಳಗ್ತದರೀ!”

“ಮುಳಗಲಿ. ನಾಳಿ ಮೂಡ್ತದ.”

ಬಾಗಿಲಲ್ಲಿ ಮಿಲಿಂದ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಚಪ್ಪಲಿ ಬಿಟ್ಟು ಅಂಗಳಕ್ಕೆ ಇಳಿದ. ನೆಲ ನೋಡಲಿಲ್ಲ, ಬಟ್ಟೆ ನೋಡಲಿಲ್ಲ. ಮಿಸ್ತ್ರಿಯ ಸುತ್ತ ಒಂದು ಸುತ್ತು ಬಂದ.

“ಮಿಸ್ತ್ರಿ, ಮಾರಿ ಮ್ಯಾಲ ಎತ್ರಿ.”

ಎತ್ತಿದರು. ಮಿಲಿಂದ ಎರಡು ಬೆರಳಲ್ಲಿ ಅವರ ಗಡ್ಡದಿಂದ ಸ್ಪ್ರಿಂಗನ್ನು ಹೆಕ್ಕಿದ. ವ್ಯಾಸಲೀನಿನ ಕೈಯಲ್ಲಿ ಗಡ್ಡ ಕೆರೆದುಕೊಂಡಿದ್ದರು ಪುಣ್ಯಾತ್ಮರು.

“ಸುಭಾನಲ್ಲಾ! ಈ ವಯಸ್ಸಿನ್ಯಾಗ ಗುಂಗುರುಗೂದಲು ಬಂತು ಅಂತ ಮನಿಯಾಗ ಹೇಳಾಂವ ಇದ್ದೆ” ಎಂದರು ಮಿಸ್ತ್ರಿ.

ನಾನು ಮಿಲಿಂದನ ಬೆರಳು ನೋಡುತ್ತಿದ್ದೆ. ಆ ಸ್ಪ್ರಿಂಗನ್ನು ಅವನು ಅದರ ಜಾಗಕ್ಕೆ ಇಳಿಸಿದ. ಅಷ್ಟು ಸಣ್ಣ ವಸ್ತು, ಅಷ್ಟು ಮೆತ್ತಗೆ. ಕೈ ಅಲುಗಲಿಲ್ಲ. “ಈ ಕೈ ಛಲೋ ಇಲ್ಲ ಅಂತಿಯಲ್ಲೋ” ಎಂದೆ. ಅವತ್ತು ಅವನು ಕೊನೆಯ ಬೋಲ್ಟು ಬಿಗಿಯುವ ತನಕ ಒಳಗೆ ಹೋಗಲಿಲ್ಲ.

ಇಂಜಿನ್ನು ಮೊದಲ ಸಲ ಚಾಲೂ ಆದಾಗ ಎದ್ದ ಹೊಗೆಗೆ ಓಣಿಯ ನಾಯಿಗಳೆಲ್ಲ ಓಡಿಹೋದವು. ಕಾಳಿಲ್ಲದ ಬೀಸುಕಲ್ಲಿನಂತೆ ಬರೀ ಗರಗರ ತಿರುಗುತ್ತಿದ್ದದ್ದು ಈಗ ಒಳಗೆ ಗಾಳಿ ಅಮುಕಿ ಕೆಮ್ಮಿತು, ಸೀನಿತು, ಆಮೇಲೆ ಒಂದೇ ಸಮನೆ ಹಾಡಿತು. ಎದುರುಮನೆಯವನು ಸಕ್ಕರೆ ತಂದು ಎಲ್ಲರ ಬಾಯಿಗೂ ಹಾಕಿದ. ಹೆಣ ಎಂದವನೂ ಅವನೇ, ಸಕ್ಕರೆ ಹಂಚಿದವನೂ ಅವನೇ. ಅವನಿಗೂ ನಾನು ಋಣಿ.

ಹೊಸದಾಗಿ ಕಟ್ಟಿದ ಇಂಜಿನ್ನನ್ನು ಕೆಲವು ದಿನ ಮೆಲ್ಲಗೆ ಓಡಿಸಿ ಪಳಗಿಸಬೇಕು. ಆ ಕೆಲಸವನ್ನು ಮಿಸ್ತ್ರಿ ಮಾಡಿದರು, ಚಿಟಗುಪ್ಪದ ತನಕ ಹೋಗಿ ಬಂದು, ಮತ್ತೆ ಹೋಗಿ ಬಂದು. ಮಿಲಿಂದ ಪಕ್ಕದಲ್ಲಿ ಕೂತು ಹೋಗುತ್ತಿದ್ದ, ಆದರೆ ಡ್ರೈವರನ ಸೀಟಿಗೆ ಬರುತ್ತಿರಲಿಲ್ಲ. ಒಂದು ಅಭ್ಯಾಸ ಮಾತ್ರ ಬಿಟ್ಟಿರಲಿಲ್ಲ: ಗಾಡಿ ಹೊರಡುವ ಮೊದಲು ಡ್ಯಾಶ್‌ಬೋರ್ಡಿನ ಮೇಲೆ ನೀರಿನ ಲೋಟ.

ಇಲ್ಲಿಗೆ ಹಿಂದಿನದು ಮುಗಿಯಿತು. ಹಸಿರು ಬಟ್ಟೆ ಮಡಚಿ ಚೀಲಕ್ಕೆ ಹಾಕಿ ನಾನು ಅಂಗಳಕ್ಕೆ ಬಂದೆ.

ಮಿಸ್ತ್ರಿ ಬೀಗದಕೈಯನ್ನು ಮಿಲಿಂದನ ಮುಂದೆ ಹಿಡಿದು ನಿಂತಿದ್ದರು. “ಪಳಗಿಸೋದು ಮಿಸ್ತ್ರಿ ಕೆಲಸ, ಮುಗೀತು. ಓಡಿಸೋದು ಡ್ರೈವರ್ ಕೆಲಸ. ನಾ ಡ್ರೈವರ್ ಅಲ್ಲ” ಎಂದರು. ಅವರೇ ಹಿಂದಿನ ಸೀಟಿನ ಸಂದಿಯಲ್ಲಿ ಮೊಣಕಾಲು ಗದ್ದಕ್ಕೆ ಹಚ್ಚಿಕೊಂಡು ತೂರಿಕೊಂಡರು. ನಾನು ಮುಂದೆ ಕೂತೆ. ಬಹಳ ಹೊತ್ತಿನ ಮೇಲೆ ಮಿಲಿಂದ ಬಂದ. ಲೋಟ ತುಂಬಿಸಿ ಇಟ್ಟ. ಸೀಟು ಸರಿಮಾಡಿಕೊಂಡ, ಕನ್ನಡಿ ಸರಿಮಾಡಿಕೊಂಡ. ಗಾಡಿ ಹೊರಟದ್ದು ನನಗೆ ಗೊತ್ತೇ ಆಗಲಿಲ್ಲ, ಅಷ್ಟು ನಯ.

ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಹಿಡಿದೆವು. ಎರಡೂ ಕಡೆ ತೊಗರಿ ಹೂವಿಗೆ ಬಂದಿತ್ತು. ಇಂಜಿನ್ನು ಬಿಸಿಯಾಗಲಿ ಎಂದು ಕಾದೆವು. ಬಿಸಿಯಾಯಿತು. ಮಿಲಿಂದ ಒತ್ತಲಿಲ್ಲ. ಹಾಲಿನ ಟೆಂಪೋ ನಮ್ಮನ್ನು ದಾಟಿತು. ಕಬ್ಬಿನ ಟ್ರ್ಯಾಕ್ಟರ್ ದಾಟಿತು. ಅದರ ಮೇಲೆ ಕೂತವನು ತಿರುಗಿ ನಮ್ಮ ಕಾರಿಗೆ ಸಲಾಮು ಹೊಡೆದ.

“ಮಿಲಿಂದಭಾಯ್, ಇನ್ನ ಸೈಕಲ್ ಅಷ್ಟ ಉಳದದ ನೋಡ್ರಿ” ಎಂದರು ಹಿಂದಿನಿಂದ ಮಿಸ್ತ್ರಿ. “ಸ್ಪೀಡ್ ಬ್ಯಾಡ. ಎರಡನೇ ಗೇರಿನ್ಯಾಗ ಇಟ್ಟು ಸುತ್ತು ಏರಿಸ್ರಿ. ಕೆಂಪು ಗೆರಿಗಿ ಮುಟ್ಟಿಸಿ ಬಿಟ್ರಾಯ್ತು.”

“ಹ್ಞೂಂ” ಎಂದ ಮಿಲಿಂದ. ಸುತ್ತು ತೋರಿಸುವ ಮೀಟರಿನ ಮುಳ್ಳು ಅಲ್ಲೇ ಇತ್ತು.

ರಾಜೇಶ್ವರ ದಾಟಿತು. ರಸ್ತೆ ನೆಟ್ಟಗೆ, ಖಾಲಿ. ಅವನು ಎರಡನೇ ಗೇರಿಗೆ ಇಳಿಸಿದ. ಕಾಲು ಒತ್ತುವಂತೆ ಮಾಡಿತು, ನಿಂತಿತು. ಅವನ ಕಣ್ಣು ಎಲ್ಲಿದೆ ಎಂದು ನೋಡಿದೆ. ರಸ್ತೆಯ ಮೇಲಿರಲಿಲ್ಲ, ಮುಳ್ಳಿನ ಮೇಲಿರಲಿಲ್ಲ. ಲೋಟದ ಮೇಲಿತ್ತು. ಕಂಠಮಟ ನೀರು, ಅಂಚಿನಲ್ಲಿ ಒಂದು ಸಣ್ಣ ನಡುಕ. ಚೆಲ್ಲುತ್ತದೆ ಎಂದು ಅವನ ಇಡೀ ಮೈ ಹಿಡಿದುಕೊಂಡಿತ್ತು.

ನಾನು ಕೈ ಚಾಚಿ ಲೋಟ ತೆಗೆದುಕೊಂಡೆ. ಕುಡಿದೆ. ಒಂದೇ ಗುಟುಕಿಗೆ ಆಗಲಿಲ್ಲ, ವಯಸ್ಸಾಗಿದೆ, ಆದರೆ ತಳ ಕಾಣುವ ತನಕ ಕುಡಿದೆ. ಖಾಲಿ ಲೋಟವನ್ನು ಹಸಿರು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಅವನು ಹೊತ್ತು ತಂದ ನೀರು ಕುಡಿದೇ ಸಾಲಿ ಕಲಿತವಳು ನಾನು. ನನಗೆ ಅದು ಹೊಸದಲ್ಲ.

“ಈಗ ಚೆಲ್ಲೋದು ಏನೂ ಇಲ್ಲ. ಒತ್ತು” ಎಂದೆ.

ಒತ್ತಿದ.

ಆ ಶಬ್ದ ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಗುಡುಗಲ್ಲ, ಅರಚಾಟವಲ್ಲ, ಜೇನುಹುಟ್ಟಿಗೆ ಕಲ್ಲು ಬಿದ್ದಂತೆ ಏರಿತು, ಏರಿತು, ಇನ್ನೂ ಏರಿತು. ನನ್ನ ಬೆನ್ನು ಸೀಟಿಗೆ ಅಂಟಿತು. ಮುಳ್ಳು ಕೆಂಪು ಗೆರೆಗೆ ಹೋಗಿ ತಾಗಿತು. ತಾಗಿದ್ದೇ ತಡ, ಒಳಗೆಲ್ಲೋ ‘ಪೀಂ’ ಎಂದು ಒಂದು ಸದ್ದು ಕೂಗಿಕೊಂಡಿತು. ಮಿಲಿಂದ ಬೆಚ್ಚಿ ಕಾಲು ತೆಗೆದ.

“ಏನೋ ಮುರೀತು ಅಕ್ಕಾ!”

“ಏನೂ ಮುರದಿಲ್ಲ!” ಮಿಸ್ತ್ರಿ ಹಿಂದಿನಿಂದ ಅವನ ಭುಜ ಬಡಿದರು. “ಬಝರ್ ಅದು. ಕೆಂಪಿಗಿ ಬಂದ್ರ ಕೂಗ್ತದ. ಮೂವತ್ತು ವರ್ಷ ನಿಮ್ಮ ಗಾಡಿ ಬಾಯಿ ಬಿಡಾಕ ಕಾದಿತ್ತು ನೋಡ್ರಿ!”

ಮಿಲಿಂದ ಕನ್ನಡಿಯಲ್ಲಿ ಹಿಂದೆ ನೋಡಿದ. ನಾನೂ ತಿರುಗಿದೆ. ನಾವು ಬಿಟ್ಟುಬಂದ ರಸ್ತೆಯ ಮೇಲೆ ಕರಿ ಹೊಗೆಯ ಒಂದು ಉಂಡೆ ತೇಲಿ, ತೊಗರಿ ಹೊಲದ ಕಡೆಗೆ ಸರಿದು, ಚದುರಿಹೋಯಿತು. ಅವನು ಅದು ಪೂರ್ತಿ ಹೋಗುವ ತನಕ ನೋಡಿದ. ಮತ್ತೆ ಎರಡನೇ ಗೇರಿಗೆ ಹಾಕಿ, ಈ ಸಲ ಯಾರೂ ಹೇಳದೆ, ಒತ್ತಿದ. ‘ಪೀಂ’ ಎಂದಿತು. ಅವನು ನಕ್ಕ. ಬೋರ್‌ವೆಲ್ ಪೈಪಿನಿಂದ ಬಿದ್ದಾಗಿನ ನಗು. ಹುಮನಾಬಾದ್ ಬರುವ ತನಕ ಅದನ್ನು ಎಷ್ಟು ಸಲ ಕೂಗಿಸಿದನೋ ನಾನು ಎಣಿಸಲಿಲ್ಲ. ಎಣಿಸದೆ ಬಿಟ್ಟದ್ದು ನನ್ನ ನೆನಪಿನಲ್ಲಿ ಇದೊಂದೇ.

ಬಸ್ ನಿಲ್ದಾಣದ ಹತ್ತಿರ ಮಿರ್ಚಿಭಜಿ ತಿಂದು ಚಾ ಕುಡಿದೆವು. ಮಿಸ್ತ್ರಿ ಅಲ್ಲೇ ಇಳಿದುಕೊಂಡರು. ಇಳಿಯಲು ನಾವಿಬ್ಬರೂ ಅವರನ್ನು ಎಳೆಯಬೇಕಾಯಿತು. “ಹರ್ನಿಯಾ ಮತ್ತ ಬಂದ್ರ ನೀವೇ ಜಿಮ್ಮೇದಾರ್ರು ಬಾಯೀ” ಎಂದು ಹೇಳಿ, ಮಿಲಿಂದನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡರು.

ವಾಪಸು ಬರುವಾಗ ಡ್ಯಾಶ್‌ಬೋರ್ಡು ಖಾಲಿ ಇತ್ತು. ಮಿಲಿಂದ ಲೋಟ ಕೇಳಲಿಲ್ಲ. “ನಾಳಿ ಸಾಲಿ ವ್ಯಾನಿನವರಿಗಿ ಫೋನ್ ಮಾಡ್ತೀನಿ” ಎಂದ, ರಾಜೇಶ್ವರದ ಹತ್ತಿರ. “ಮಾಡು. ಆದ್ರ ಆ ಹುಡುಗರನ್ನ ಕೂಡಿಸಿಕೊಂಡು ಪೀಂ ಅನಸಬ್ಯಾಡ” ಎಂದೆ. “ಅವರು ಕುಂತಾಗ ಗಿಲಾಸ ಇಟ್ಟ ಓಡಿಸ್ತೀನಿ ಬಿಡು” ಎಂದ.

ಮನೆ ಮುಟ್ಟಿ, ಬಾನೆಟ್ಟು ತೆಗೆದು, ಎಣ್ಣೆ ನೀರು ನೋಡಿ, ಎಲ್ಲ ಸರಿಯಿದೆ ಎಂದು ಅವನು ಹೇಳಿದ ಮೇಲೆ ನಾನು ಚೀಲ ಬಿಚ್ಚಿದೆ. ಹಸಿರು ಬಟ್ಟೆಯನ್ನು ಸೋಡಾ ಹಾಕಿ ಕುದಿಸಿ ತಂತಿಗೆ ಹಾಕಿದೆ. ಕಲೆ ಹೋಗಲಿಲ್ಲ, ಇರಲಿ. ಲೋಟವನ್ನು ತಿಕ್ಕಿ ತೊಳೆದು, ಒರೆಸಿ, ಉಳಿದ ಲೋಟಗಳ ಜೊತೆ ಅಡಿಗೆಮನೆಯ ಗೂಡಿನಲ್ಲಿ ಬೋರಲು ಹಾಕಿದೆ.